ಅರಿಶಿನ ನೀರಿಗೆ ಬಿದ್ದ ಬಾತುಕೋಳಿ ಗರಿ

ನಾನು ಮಾಲೂರಿನಲ್ಲಿ ನೊಣ ಕಟ್ಟುವ ಕೆಲಸ ಮಾಡುತ್ತೇನೆ ಎಂದರೆ ಅರ್ಧ ಜನ ನಂಬುವುದಿಲ್ಲ, ನಂಬಿದ ಅರ್ಧ ಜನ ನಗುತ್ತಾರೆ. ಕೆಲಸವಿಲ್ಲದವರು ನೊಣ ಹೊಡೆಯುತ್ತಾ ಕೂರುತ್ತಾರೆ, ನೀನು ಕಟ್ಟುತ್ತಾ ಕೂತಿದ್ದೀಯಾ ಎಂದು ದೇವರಾಯಸಮುದ್ರದಲ್ಲಿರುವ ನನ್ನ ಅಣ್ಣ ಫೋನು ಮಾಡಿದಾಗಲೆಲ್ಲ ಕೇಳುತ್ತಾನೆ. ಅವನಿಗೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಇಲ್ಲಿ ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ.

ಹೊರದೇಶಗಳಲ್ಲಿ ಹೊಳೆಯ ಮೀನು ಹಿಡಿಯುವ ಶೋಕಿಯವರು ಕೆಲವರಿದ್ದಾರೆ. ಅವರು ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಗಾಳದ ಮೇಲೆ ನೂಲು, ಗರಿ ಸುತ್ತಿ ನೊಣದ ಹಾಗೆ ಮಾಡಿ ನೀರಿಗೆ ಎಸೆಯುತ್ತಾರೆ. ಮೀನು ಅದನ್ನು ನಿಜವಾದ ನೊಣ ಅಂದುಕೊಂಡು ಬಾಯಿ ಹಾಕುತ್ತದೆ. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಎಷ್ಟೋ ಮಂದಿ ಫೋಟೋ ತೆಗೆದುಕೊಂಡು ಮತ್ತೆ ನೀರಿಗೇ ಬಿಡುತ್ತಾರಂತೆ. ಅದನ್ನು ಕೇಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಸಾರು ಮಾಡದ ಮೀನಿಗೆ ಇಷ್ಟು ರಗಳೆ ಯಾಕೆ ಎಂದು ಕೇಳಿದ್ದಕ್ಕೆ ಮೇಡಂ, ಅವರು ಸಾರು ಮಾಡಿಕೊಂಡಿದ್ದರೆ ನಮಗೆ ಇಲ್ಲಿ ಅನ್ನ ಇರುತ್ತಿರಲಿಲ್ಲ ಎಂದರು.

ಈ ಮೇಡಂ ಕೋಲಾರದವರು. ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲೇ ಒಂದು ಮಹಡಿಯ ಹಾಲ್ ಬಾಡಿಗೆಗೆ ಹಿಡಿದು ಹದಿನಾಲ್ಕು ಜನ ಹೆಂಗಸರನ್ನು ಇಟ್ಟುಕೊಂಡು ಈ ಕೆಲಸ ನಡೆಸುತ್ತಾರೆ. ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಲ್ಲೇ ಇರುವುದರಿಂದ ಅವರ ಮೇಲೆ ನನಗೆ ಮೊದಲಿನಿಂದಲೂ ಒಂದು ಥರ ಗೌರವ. ನಾನು ಟೇಕಲ್ ಕಡೆಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುತ್ತೇನೆ. ಹೊಸಬರು ಮೂರು ತಿಂಗಳು ಗರಿ ಹದ ಮಾಡುವುದನ್ನು ಕಲಿಯಬೇಕು, ಅದು ಬಂದರೆ ಮಾತ್ರ ಕೆಲಸ ಖಾಯಂ, ಆಮೇಲೆ ನೊಣ ಕಟ್ಟುವುದು ಎಂಬುದು ಅಲ್ಲಿನ ಕಟ್ಟಳೆ. ಗರಿಯ ವಿಭಾಗಕ್ಕೆ ಯಜಮಾನಿ ಒಬ್ಬ ಮುಸ್ಲಿಂ ಮುದುಕಿ. ಹಾಲ್‌ನಲ್ಲಿ ಎಲ್ಲರೂ, ಮೇಡಂ ಕೂಡ, ಅವರನ್ನು ಖಾಲಾ ಎಂದೇ ಕರೆಯುತ್ತಿದ್ದೆವು. ಅವರ ಮಾತಿನಲ್ಲಿ ಚಿಕ್ಕಮ್ಮ ಅಂದ ಹಾಗೆ. ಹಾಸಿಗೆಗೆ ಹತ್ತಿ ತುಂಬುವ ಮನೆಯಲ್ಲಿ ಹುಟ್ಟಿ ಬೆಳೆದವರು. ಕಿಟಕಿ ಪಕ್ಕದ ಚಾಪೆ ಅವರ ಜಾಗ. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ ಎಂದು ಯಾರೂ ಹೇಳಿರಲಿಲ್ಲ, ಆದರೂ ಯಾರೂ ಕೂರುತ್ತಿರಲಿಲ್ಲ.

ಬಾತುಕೋಳಿಯ ರೆಕ್ಕೆಗಳು ಮಾಂಸಕ್ಕೆ ಸಾಕುವ ಕಡೆಯಿಂದ ಉಪ್ಪು ಸವರಿಸಿಕೊಂಡು ಚೀಲಗಳಲ್ಲಿ ಬರುತ್ತವೆ. ಅದರಲ್ಲಿ ನಮಗೆ ಬೇಕಾದದ್ದು ಹಾರುವುದಕ್ಕೆ ಇರುವ ಉದ್ದ ಗರಿಗಳು ಮಾತ್ರ. ಬುಡವನ್ನು ಇಕ್ಕಳದಲ್ಲಿ ಹಿಡಿದು ಒಂದೊಂದೇ ಕೀಳಬೇಕು. ಜಿಡ್ಡು ಹೋಗಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡು ಸಲ, ಬರಿ ನೀರಿನಲ್ಲಿ ಮೂರು ಸಲ ಆಡಿಸಬೇಕು, ಉಜ್ಜಬಾರದು. ಪೇಪರಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಾದಾಗ ಎಳೆ ಎಳೆ ಬಿಟ್ಟುಕೊಂಡು ದಿಕ್ಕೆಟ್ಟ ಹಾಗೆ ಕಾಣುವ ಗರಿ, ಒಣಗಿದ ಮೇಲೆ ಬುಡದಿಂದ ತುದಿಗೆ ಬೆರಳಲ್ಲಿ ಸವರಿದರೆ ಸಾಕು, ಎಳೆಗಳೆಲ್ಲ ಮತ್ತೆ ಕೈಕೈ ಹಿಡಿದು ಒಂದೇ ಹಾಳೆಯಾಗುತ್ತವೆ. ಮೊದಲ ದಿನ ನಾನು ಒಂದೇ ಗರಿಯನ್ನು ಹತ್ತು ಸಲ ಕೆದರಿ ಹತ್ತು ಸಲ ಸವರಿದೆ. ಖಾಲಾ ನಕ್ಕು, ಇನ್ನೂ ಹತ್ತು ಸಲ ಮಾಡು, ಆಮೇಲೆ ಬಿಸಾಕು ಎಂದರು.

ಕಷ್ಟ ಇರುವುದು ಜೋಡಿ ಮಾಡುವುದರಲ್ಲಿ. ಎಡ ರೆಕ್ಕೆಯ ಗರಿ ಒಂದು ಕಡೆಗೆ ಬಾಗಿದರೆ ಬಲ ರೆಕ್ಕೆಯದು ಇನ್ನೊಂದು ಕಡೆಗೆ. ಎಡದ್ದೊಂದು ಸಣ್ಣ ಸೀಳು, ಬಲದ್ದೊಂದು ಸೀಳು ಕತ್ತರಿಸಿ ಬೆನ್ನಿಗೆ ಬೆನ್ನು ಸೇರಿಸಿ ಗಾಳಕ್ಕೆ ಕಟ್ಟಿದರೆ ನೊಣದ ರೆಕ್ಕೆ. ಎರಡೂ ಎಡದ್ದೇ ಆದರೆ ನೊಣ ಗಾಳಿಯಲ್ಲಿ ಬುಗುರಿಯಂತೆ ಸುತ್ತಿ, ದಾರವನ್ನೂ ಸುತ್ತಿಸುತ್ತದೆ. ಅಲ್ಲದೆ ಎಡ ರೆಕ್ಕೆಯ ಮೂರನೆಯ ಗರಿಗೆ ಬಲ ರೆಕ್ಕೆಯ ಮೂರನೆಯದೇ ಆಗಬೇಕು, ಐದನೆಯದು ನಡೆಯದು. ನೊಣ ನಾವೇ ಕಟ್ಟಿಕೊಳ್ಳುತ್ತೇವೆ, ಗರಿ ಮಾತ್ರ ಕೊಡಿ ಎನ್ನುವವರಿಗೆ ಬಿಳಿ ಗರಿಗಳನ್ನು ಹೀಗೆ ಜೋಡಿ ಮಾಡಿ ಪೊಟ್ಟಣ ಕಟ್ಟಿ ಕಳಿಸುತ್ತೇವೆ. ಬೇಕಾದ ಬಣ್ಣ ಅವರೇ ಹಾಕಿಕೊಳ್ಳುವುದರಿಂದ ಗರಿ ಅಪ್ಪಟ ಬಿಳಿ ಇರಬೇಕು.

ನಾವೆಲ್ಲ ಗರಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮುಖ ಕಿವುಚಿ ಜೋಡಿ ಹುಡುಕುತ್ತಿದ್ದರೆ ಖಾಲಾ ಕಿಟಕಿಯಾಚೆ ನೋಡುತ್ತಾ, ಸೊಸೆಯ ಕಥೆ ಹೇಳುತ್ತಾ, ಗರಿಯನ್ನು ಕೆನ್ನೆಗೆ ಒಮ್ಮೆ ಸವರಿ ಎಡಕ್ಕೋ ಬಲಕ್ಕೋ ಇಡುತ್ತಿದ್ದರು. ಅದು ಹಿರಿಯರ ಠೀವಿ ಎಂದುಕೊಂಡಿದ್ದೆ. ಮೂರು ತಿಂಗಳಲ್ಲಿ ಎರಡೂವರೆ ಮುಗಿಯುವವರೆಗೂ ನನಗೆ ಬೇರೆ ಏನೂ ಹೊಳೆಯಲಿಲ್ಲ.

ಆ ಹೊತ್ತಿಗೆ ಹಾಲ್‌ನ ಬೋರ್‌ವೆಲ್ ಮೋಟಾರು ಕೆಟ್ಟಿತು. ಗುರುವಾರ ಪಾರ್ಸೆಲ್ ಹೋಗಬೇಕು, ತೊಳೆಯಲು ನೀರಿಲ್ಲ. ನನ್ನ ಮನೆಯಲ್ಲಿ ನೀರಿದೆ, ನಾನು ತೊಳೆದು ಒಣಗಿಸಿಕೊಂಡು ಬರುತ್ತೇನೆ ಎಂದು ಯಾರೂ ಕೇಳದಿದ್ದರೂ ಮುಂದೆ ಬಿದ್ದು ಒಪ್ಪಿಕೊಂಡೆ. ಖಾಯಂ ಮಾಡುವ ಹೊತ್ತು ಹತ್ತಿರ ಬಂದಿತ್ತಲ್ಲ. ಶನಿವಾರ ಎರಡು ಚೀಲ ಗರಿ ಹೊತ್ತು ರೈಲು ಹತ್ತಿದೆ. ಗರಿಯ ವಾಸನೆಗೆ ಪಕ್ಕದ ಸೀಟು ಮಾಲೂರಿನಿಂದ ಟೇಕಲ್‌ವರೆಗೂ ಖಾಲಿಯಾಗಿಯೇ ಇತ್ತು.

ನಮ್ಮತ್ತೆ ಶ್ರೀನಿವಾಸಪುರದ ಕಡೆಯವರು. ಅವರ ಕನ್ನಡದಲ್ಲಿ ಅರ್ಧ ತೆಲುಗು, ಮಿಕ್ಕರ್ಧ ಉಪದೇಶ. ಬಾತುಕೋಳಿಯ ಗರಿ ಹಿತ್ತಲು ದಾಟಿ ಒಳಗೆ ಬರಕೂಡದು ಎಂದು ಬಾಗಿಲಲ್ಲೇ ತಡೆದರು. ಹಿತ್ತಲಲ್ಲೇ ನಾಲ್ಕು ಬಕೆಟ್ ಇಟ್ಟು ತೊಳೆದೆ. ಕೊನೆಯ ನೀರಿಗೆ ಹಾಕಿ, ಸ್ವಲ್ಪ ಹೊತ್ತು ಬಿಡೋಣವೆಂದು ನಾನು ಅಂಗಡಿಗೆ ಹೋಗಿಬರುವಷ್ಟರಲ್ಲಿ ಅತ್ತೆಗೆ ನನ್ನ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿದೆ. ಹುಳ ಹಿಡಿದರೆ ಸೊಸೆಯ ಕೆಲಸ ಹೋಗುತ್ತದಲ್ಲ ಎಂದು, ಬೇಳೆಗೆ, ಅಕ್ಕಿಗೆ ಮಾಡುವ ಉಪಾಯವನ್ನೇ ಮಾಡಿದ್ದಾರೆ. ಬಕೆಟ್ಟಿಗೆ ಎರಡು ಹಿಡಿ ಅರಿಶಿನದ ಪುಡಿ. ಅದನ್ನು ನನಗೆ ಹೇಳುವ ಅಗತ್ಯವೂ ಅವರಿಗೆ ಕಂಡಿಲ್ಲ. ಗರಿಗಳನ್ನು ತಾವೇ ತೆಗೆದು ಕಿಟಕಿಯಿಲ್ಲದ ನಡುಮನೆಯ ಕತ್ತಲಲ್ಲಿ ಅಚ್ಚುಕಟ್ಟಾಗಿ ಹರಡಿಯೂ ಬಿಟ್ಟಿದ್ದರು. ಹಿತ್ತಲು ದಾಟಬಾರದೆಂಬ ಅವರ ಕಾನೂನನ್ನು ಅವರೇ ಮುರಿದದ್ದು ನೋಡಿ ನನಗೆ ಖುಷಿಯೇ ಆಯಿತು.

ಸೋಮವಾರ ಬೆಳಗಿನ ಜಾವ ಚೀಲಕ್ಕೆ ತುಂಬುವಾಗ ಅನುಮಾನ ಬಂತು. ಬಲ್ಬಿನ ಬೆಳಕಿಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ರೈಲಿನಲ್ಲಿ ಬೆಳಕು ಹರಿದ ಮೇಲೆ ಚೀಲದ ಬಾಯಿ ಬಿಚ್ಚಿದರೆ, ಒಳಗೆ ಚಿತ್ರಾನ್ನ. ಕೂಡಲೇ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ಹಾಲ್‌ಗೆ ಹೋಗಿ ಚೀಲಗಳನ್ನು ಖಾಲಾ ಮುಂದಿಟ್ಟು, ಅವರೇ ನೋಡಿ ಬೈಯಲಿ, ಆಮೇಲೆ ಏನಾದರೂ ದಾರಿ ಹೇಳಲಿ ಎಂದು ಪಕ್ಕದಲ್ಲಿ ಕೂತೆ. ಖಾಲಾ ಒಂದು ಹಿಡಿ ಗರಿ ತೆಗೆದರು. ಒಂದು ಗಳಿಗೆ ಅದನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಎಂದಿನ ಹಾಗೆ ಕೆನ್ನೆಗೆ ಸವರಿ ಎಡ, ಬಲ ಮಾಡತೊಡಗಿದರು. ಹಾಗಾದರೆ ಇಷ್ಟು ಹಳದಿ ನಡೆಯುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ನನಗೆ ಬೇಕಾದ ಸಮಾಧಾನ ಅದಾಗಿದ್ದರಿಂದ ಅದನ್ನು ನಂಬುವುದು ಕಷ್ಟವಾಗಲಿಲ್ಲ. ಖಾಲಾ ಒಪ್ಪಿದ ಗರಿಯನ್ನು ಉಳಿದವರೂ ಪ್ರಶ್ನೆ ಮಾಡಲಿಲ್ಲ.

ಬುಧವಾರ ಸಂಜೆ ಮೇಡಂ ಪೆಟ್ಟಿಗೆ ತೆರೆದು ನೋಡಿದರು. ಎರಡು ದಿನದ ಕೆಲಸ, ಒಂದೊಂದು ಪೊಟ್ಟಣವೂ ನಿಂಬೆಹಣ್ಣಿನ ಬಣ್ಣ. ನಾವು ಬೈಗುಳಕ್ಕೆ ತಲೆ ತಗ್ಗಿಸಿ ಕಾದೆವು. ಮೇಡಂ ಬೈಯಲಿಲ್ಲ. ಒಂದು ಗರಿ ಹಿಡಿದುಕೊಂಡು ಕಿಟಕಿಯ ಬಳಿ ಹೋಗಿ ಖಾಲಾ ಮುಂದೆ ಕೂತರು.

"ಖಾಲಾ, ಇದು ಯಾವ ಬಣ್ಣ?"

ಖಾಲಾ ಗರಿಯನ್ನು ಕಣ್ಣಿನ ಹತ್ತಿರಕ್ಕೆ ತಂದರು, ದೂರ ಹಿಡಿದರು, ಬೆಳಕಿಗೆ ಓರೆ ಮಾಡಿದರು. ಕೊನೆಗೆ ಕೆನ್ನೆಗೆ ಸವರಿಕೊಂಡರು. ಆಗ ಹಾಲ್‌ನಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಇವತ್ತು ಮನೆಗೆ ಹೋಗಿ ಖಾಲಾ, ಕಣ್ಣು ಕಾಣದಿದ್ದರೆ ಈ ಕೆಲಸ ಹೇಗೆ ಕೊಡಲಿ, ಯೋಚನೆ ಮಾಡ್ತೀನಿ ಎಂದು ಮೇಡಂ ಮೆಲ್ಲಗೆ ಹೇಳಿದರು. ಅವರು ಕಿರುಚಿದ್ದರೆ ಚೆನ್ನಾಗಿತ್ತು. ಖಾಲಾ ಚಾಪೆ ಸುತ್ತಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅವರು ಗೋಡೆ ಹಿಡಿಯುವುದನ್ನು ನಾನು ಅಂದೇ ಮೊದಲು ಗಮನಿಸಿದ್ದು. ಹಳದಿ ಮಾಡಿದವಳು ನಾನು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದವಳೇ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ಸುರಿದೆ. ಅತ್ತೆ ಹೂಕೋಸು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ನನಗೆ ಉಸಿರು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಪಸುಪು ಹಾಕಿದ್ದು ನಾನು, ಸರಿ. ಆಯಮ್ಮನ್ನ ಎಬ್ಬಿಸಿ ಕಳಿಸ್ವಾಗ ನೀನು ಬಾಯಿ ಬಿಟ್ಯಾ?"

ಇಲ್ಲ ಎಂದೆ. ನಾಳೆ ನಾನೂ ಬರ್ತೀನಿ ಎಂದು ಅವರು ಹೂಕೋಸು ಎತ್ತಿಕೊಂಡು ಒಳಗೆ ಹೋದರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಗುರುವಾರ ಬೆಳಗ್ಗೆ ಅತ್ತೆ ಮದುವೆಗೆ ಹೊರಟವರ ಹಾಗೆ ಅಂಚಿನ ಸೀರೆ ಉಟ್ಟು ರೈಲು ಹತ್ತಿದರು. ಮಾಲೂರಿನಲ್ಲಿ ಇಳಿದು ಮೊದಲು ಖಾಲಾ ಮನೆಗೆ ಹೋದೆವು. ಅವರು ಅಂಗಳದಲ್ಲಿ ಸ್ಟೂಲಿನ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆ ಕೈಗಳು ಕೆಲಸವಿಲ್ಲದೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಅಳು ಬಂತು. ಅರಿಶಿನದ ವಿಷಯ, ರೈಲಿನಲ್ಲೇ ಗೊತ್ತಾದದ್ದು, ಹೆದರಿ ಮುಚ್ಚಿಟ್ಟದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಖಾಲಾ ಕೈಯಾಡಿಸಿ ನನ್ನ ತಲೆ ಹುಡುಕಿ ಅದರ ಮೇಲೆ ಅಂಗೈ ಇಟ್ಟರು.

"ಚೀಲ ಬಿಚ್ಚಿದ ತಕ್ಷಣ ಹಲ್ದಿ ವಾಸನೆ ಬಂತು ಬೇಟಿ. ಎಷ್ಟು ಹಳದಿಯಾಗೈತೆ ಅಂತ ನಿನ್ನ ಕೇಳ್ಬೇಕಿತ್ತು. ಕೇಳಿದ್ರೆ ನಂಗೆ ಕಾಣಲ್ಲ ಅಂತ ನಿಂಗೆ ಗೊತ್ತಾಗ್ತಿತ್ತು. ಅದಕ್ಕೆ ಸುಮ್ನಾದೆ. ಮೇಡಂ ಕೇಳ್ದಾಗ ಹಳದಿ ಅಂತ ಅಂದಾಜಲ್ಲಿ ಹೇಳ್ಬೋದಿತ್ತು, ಕಾಣದ್ದನ್ನ ಕಂಡಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಅಂದರೆ ಎರಡು ದಿನ ನಾವಿಬ್ಬರೂ ಅಕ್ಕಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಒಂದೇ ವಿಷಯವನ್ನು ಒಬ್ಬರಿಂದ ಒಬ್ಬರು ಬಚ್ಚಿಡುತ್ತಾ ಸಾವಿರಾರು ಗರಿ ಜೋಡಿ ಮಾಡಿದ್ದೆವು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಬಣ್ಣ ಗೊತ್ತಾಗದೆ ಒಂದು ವರ್ಷ ಎಂದರು. ಮನೆಯಲ್ಲಿ ಹೇಳಿದರೆ ಇನ್ನು ಸಾಕು ಮೂಲೆಯಲ್ಲಿ ಕೂತುಕೋ ಎನ್ನುತ್ತಾರೆ, ಆ ಕಿಟಕಿ ಬಿಟ್ಟು ಬಂದರೆ ನನಗೆ ಇನ್ನೇನಿದೆ ಎಂದರು. ಆಗ ನಮ್ಮತ್ತೆ, ಲೇವಮ್ಮಾ, ಮೇಲೆ ಏಳು ಎಂದು ಖಾಲಾ ತೋಳು ಹಿಡಿದು ಎಬ್ಬಿಸಿದರು. ಇಬ್ಬರೂ ಒಂದೇ ವಯಸ್ಸಿನವರು. ದಾರಿಯುದ್ದಕ್ಕೂ ಕೈ ಹಿಡಿದುಕೊಂಡು ಸೊಸೆಯರ ಬಗ್ಗೆ ಮಾತಾಡಿದರು. ನಾನು ಹಿಂದೆ ನಡೆಯುತ್ತಾ ಕೇಳಿಸದ ಹಾಗೆ ಇದ್ದೆ.

ಹಾಲ್‌ನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೇಡಂ ಮುಂದೆ ನಿಂತು, ಅರಿಶಿನ ಹಾಕಿದವಳು ನಾನು, ಹುಳ ಬೀಳದಿರಲಿ ಅಂತ ಹಾಕಿದೆ, ಇಷ್ಟು ದೊಡ್ಡ ವ್ಯಾಪಾರ ಮಾಡುವವರಿಗೆ ಹುಳದ ಯೋಚನೆ ಬೇಡವೇ ಎಂದು ತಪ್ಪೊಪ್ಪಿಗೆಯನ್ನೇ ಬೈಗುಳ ಮಾಡಿಬಿಟ್ಟರು. ಮೇಡಂ ಮುಖ ಗಂಟಿಕ್ಕಲು ನೋಡಿತು, ಆಗಲಿಲ್ಲ. ಮುಚ್ಚಿಟ್ಟ ತಪ್ಪು ನನ್ನದು ಎಂದು ನಾನು ಹೇಳಿದೆ. ಆಗ ಖಾಲಾ, ತಮ್ಮ ಕಣ್ಣಿನ ವಿಷಯವನ್ನು ಎಲ್ಲರ ಮುಂದೆ, ಗಟ್ಟಿಯಾಗಿ, ತಾವೇ ಹೇಳಿದರು. ಹಾಗಾದರೆ ಒಂದು ವರ್ಷದಿಂದ ಜೋಡಿ ಹೇಗೆ ಮಾಡಿದಿರಿ ಎಂದು ಮೇಡಂ ಕೇಳಿದರು.

ಖಾಲಾ ಕೈ ಚಾಚಿದರು. ಮೇಡಂ ಎರಡು ರೆಕ್ಕೆಯ ಗರಿಗಳನ್ನು ಬೇಕಂತಲೇ ಕಲಸಿ ಕೊಟ್ಟರು. ಖಾಲಾ ಕಣ್ಣು ಮುಚ್ಚಿಯೇ ಬಿಟ್ಟರು. ದಂಟಿನ ಒಂದು ಕಡೆಯ ಎಳೆ ಸಣ್ಣ, ಇನ್ನೊಂದು ಕಡೆ ಅಗಲ. ಬೆನ್ನು ಉಬ್ಬು, ಹೊಟ್ಟೆ ತಗ್ಗು. ಇಷ್ಟು ಸಾಕು ಅವರಿಗೆ. ಕೆನ್ನೆಗೆ ತಾಗಿಸಿ, ಬೆರಳ ನಡುವೆ ಜಾರಿಸಿ, ಎಡ, ಬಲ, ಮೂರನೆಯದಕ್ಕೆ ಮೂರನೆಯದು, ಐದನೆಯದಕ್ಕೆ ಐದನೆಯದು. ಮೇಡಂ ಒಂದೊಂದು ಜೋಡಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದೂ ತಪ್ಪಿರಲಿಲ್ಲ. ಕಿಟಕಿ ಪಕ್ಕದ ಚಾಪೆಯನ್ನು ಮೇಡಂ ತಾವೇ ತಂದು ಹಾಸಿದರು. ಬಣ್ಣವನ್ನು ಬೇರೆಯವರು ನೋಡಲಿ, ಜೋಡಿ ನೀವು ಮಾಡಿ, ಆದರೆ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲೇಬೇಕು, ಇವಳೇ ಕರೆದುಕೊಂಡು ಹೋಗಲಿ ಎಂದು ನನ್ನತ್ತ ಬೆರಳು ಮಾಡಿದರು. ಶಿಕ್ಷೆ ಅಷ್ಟಕ್ಕೇ ಮುಗಿಯಿತೆಂದು ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆ ಸಂತೋಷದಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ರಿಪೇರಿಯಾಗಿದ್ದ ಮೋಟಾರು ಹಾಕಿ, ಹಳದಿ ಬಿಡಲೆಂದು ನೀರಿಗೆ ಬಟ್ಟೆ ಸೋಡಾ ಸುರಿದು ಗರಿಗಳನ್ನೆಲ್ಲ ಅದ್ದಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಕೆಟ್ಟಿನ ತುಂಬ ರಕ್ತದ ಬಣ್ಣ. ನಾನು ಬೆಚ್ಚಿ ಹಿಂದೆ ಸರಿದೆ. ಅತ್ತೆ ಬಗ್ಗಿ ನೋಡಿ, ಆರತಿ ತಟ್ಟೆಯ ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದಿಲ್ಲವೇ, ಮದುವೆಯಾಗಿ ಇಷ್ಟು ವರ್ಷವಾದರೂ ಅದೂ ತಿಳಿಯದೇ ಎಂದು ಹದಿನಾಲ್ಕು ಜನರ ಮುಂದೆ ನನ್ನ ಮಾನ ಕಳೆದರು. ನಿಂಬೆರಸದ ನೀರಿಗೆ ಹಾಕಿ ಮತ್ತೆ ಹಳದಿಗೆ ತಂದರು. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ ಎಂದು ಹೇಳಿದ್ದು ಖಾಲಾ. ನೆರಳಲ್ಲೇ ಒಣಗಿಸಬೇಕೆಂಬ ಕಟ್ಟಳೆಯನ್ನು ಪಕ್ಕಕ್ಕಿಟ್ಟು, ತಾರಸಿಯ ಮೇಲೆ ಗರಿಗಳನ್ನು ಹರಡಿ, ಹಾರದ ಹಾಗೆ ಸೊಳ್ಳೆಪರದೆ ಮುಚ್ಚಿ ಸುತ್ತ ಇಟ್ಟಿಗೆ ಇಟ್ಟೆವು. ಇಟ್ಟಿಗೆ ಗೂಡುಗಳ ಊರಾದ ಮಾಲೂರಿನಲ್ಲಿ ಇಟ್ಟಿಗೆಗೆ ಬರವೇ? ನಾಲ್ಕು ದಿನದ ಬಿಸಿಲಿಗೆ ಗರಿಗಳು ಬೆಳ್ಳಗಾದವು. ಒಂದಿಷ್ಟು ಪೆಡಸಾಗಿ ಮುರಿದವು, ಅವು ಹೊಸಬರ ಕಲಿಕೆಗೆ ಹೋದವು. ಪಾರ್ಸೆಲ್ ಒಂದು ವಾರ ತಡವಾಗಿ ಹೊರಟಿತು.

ಕೋಲಾರದ ಆಸ್ಪತ್ರೆಯಲ್ಲಿ ಖಾಲಾ ಬಲಗಣ್ಣಿನ ಆಪರೇಷನ್ ಆಯಿತು. ವಾರದ ನಂತರ ಮತ್ತೆ ತೋರಿಸಲು ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಡದ್ದೆಲ್ಲ ಹೇಳಿಕೊಂಡು ಬಂದರು: ಟೊಮೆಟೊ ಹೊಲ, ಮುಂದಿನ ಸೀಟಿನವಳ ಓಲೆ, ನನ್ನ ತಲೆಯಲ್ಲಿನ ಬಿಳಿ ಕೂದಲು. ಇಷ್ಟು ದಿನ ನಿನ್ನನ್ನು ಹುಡುಗಿ ಅಂದುಕೊಂಡು ಬುದ್ಧಿ ಹೇಳಿದೆನಲ್ಲ ಎಂದು ಬೇಸರ ಬೇರೆ ಮಾಡಿಕೊಂಡರು. ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಂಕಿಗಳನ್ನು ಮೇಲಿಂದ ಕೆಳಗಿನವರೆಗೂ ಗಡಗಡ ಓದಿದರು. ಅಲ್ಲಿನ ನರ್ಸಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಹತ್ತಿರದ್ದನ್ನು ನೋಡಲು ಕೈಗೆ ಒಂದು ಕಾರ್ಡು ಕೊಟ್ಟಳು. ಅದು ಕನ್ನಡ ಅಕ್ಷರ, ನಂಗೆ ಬರಲ್ಲ, ನೀನು ಓದು ಎಂದು ಖಾಲಾ ಅದನ್ನು ನನ್ನತ್ತ ಚಾಚಿದರು.

ಮೊದಲ ಎರಡು ಸಾಲು ಓದಿದೆ. ಮೂರನೆಯದಕ್ಕೆ ಕಾರ್ಡನ್ನು ಸ್ವಲ್ಪ ದೂರ ಹಿಡಿದೆ. ನಾಲ್ಕನೆಯದಕ್ಕೆ ಕೈ ಪೂರ್ತಿ ಚಾಚಿದರೂ ಅಕ್ಷರಗಳು ಇರುವೆ ಸಾಲಿನ ಹಾಗೆ ಅಲ್ಲಾಡುತ್ತಿದ್ದವು. ಬೆಳಕು ಸಾಲದು ಎಂದೆ. ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಖಾಲಾ ಹೊಸ ಕಣ್ಣಿನಿಂದ ನನ್ನ ಮುಖವನ್ನು ನೋಡಿದರು, ಚಾಚಿಕೊಂಡಿದ್ದ ಕೈಯನ್ನು ನೋಡಿದರು. ಆ ನೋಟದಿಂದ ತಪ್ಪಿಸಿಕೊಳ್ಳಲು ನನಗೆ ಜಾಗವಿರಲಿಲ್ಲ. ಮನೆಯಲ್ಲಿ ಹೊಲಿಯುವಾಗ ನೂಲು ಸೂಜಿಗೆ ಹೋಗದೆ ಪಕ್ಕದ ಮನೆಯವಳ ಕೈಯಲ್ಲಿ ಪೋಣಿಸಿಕೊಳ್ಳುತ್ತಿದ್ದೆ, ಮುಂದಿನ ವಾರ ನೊಣ ಕಟ್ಟುವ ಮೇಜಿಗೆ ಹೋಗಬೇಕಾದವಳು ಅದನ್ನು ಯಾರಿಗೂ ಹೇಳಿರಲಿಲ್ಲ.

"ಎಷ್ಟು ದಿನದಿಂದ?" ಎಂದು ಖಾಲಾ ಕೇಳಿದರು.

"ಆರು ತಿಂಗಳು" ಎಂದೆ.

ಅವರು ಕಪ್ಪು ಕನ್ನಡಕ ಸರಿಮಾಡಿಕೊಂಡು, ಕುರ್ಚಿಯಿಂದ ಎದ್ದು, ನನ್ನ ಭುಜ ಒತ್ತಿ ಆ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ನರ್ಸಮ್ಮನಿಗೆ, ನಮ್ಮ ಹುಡುಗಿ, ಇವಳದ್ದೂ ಒಂದು ಚೀಟಿ ಬರೀರಿ ಎಂದರು.